ಮಳೆ ಹಿಡಿಯುವ ಮುಂಚೆ ಕಾವಲಿ ಪಳಗಿಸಿದ ದಿನ

ಬೀಡಿನ (ಎರಕದ ಕಬ್ಬಿಣದ) ಕಾವಲಿ ಪಳಗಿಸುವುದಿದ್ದರೆ, ಅಂದರೆ ಎಣ್ಣೆ ಸವರಿ ಕಾಯಿಸಿ ಅದರ ಮೈಗೆ ಗಟ್ಟಿ ಪೊರೆ ಕಟ್ಟಿಸುವುದಿದ್ದರೆ, ಮಳೆ ಹಿಡಿಯುವ ಮುಂಚೆಯೇ ಆ ಕೆಲಸ ಮುಗಿಸಿಬಿಡಬೇಕು. ಮಲೆನಾಡಿನಲ್ಲಿ ಜೂನ್ ಬಂತೆಂದರೆ ಗೋಡೆ ಬೆವರುತ್ತದೆ, ಉಪ್ಪು ನೀರಾಗುತ್ತದೆ, ಬೆಂಕಿಕಡ್ಡಿ ಗೀರಿದರೆ ಹೊತ್ತುವುದಿಲ್ಲ. ಬರಿಮೈ ಕಬ್ಬಿಣವಂತೂ ಬೆಳಗಾಗುವುದರೊಳಗೆ ಕೆಂಪಗಾಗುತ್ತದೆ. ಹಾಗಾಗಿ ಮೇ ಕೊನೆಯ ವಾರ ಬಿಸಿಲು ಚೆನ್ನಾಗಿದ್ದ ಒಂದು ಭಾನುವಾರ, ತೀರ್ಥಹಳ್ಳಿ ಪಕ್ಕದ ನಮ್ಮೂರಿನಲ್ಲಿ ಎರಡು ಮನೆಯ ಹೊಸ ಕಾವಲಿಗಳನ್ನು ಒಟ್ಟಿಗೇ ಪಳಗಿಸಿದೆವು. ಒಂದು ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಕೊಂಡದ್ದು. ಇನ್ನೊಂದು ಪಕ್ಕದ ಮನೆಯ ಸೊಸೆಯದು, ಶಿವಮೊಗ್ಗದ ಗಾಂಧಿ ಬಜಾರಿನಿಂದ ತಂದದ್ದು.

ಆಕೆಯ ನಾನ್‌ಸ್ಟಿಕ್ ಕಾವಲಿಯ ಲೇಪ ಎದ್ದುಹೋಗಿತ್ತು. ನೀರು ದೋಸೆ ಹೆಚ್ಚಾಗಿ ಮಾಡುವ ಮನೆಗಳಲ್ಲಿ ಹೀಗಾಗುವುದು ಸಹಜ. ನೀರು ದೋಸೆಗೆ ಕಾವಲಿ ಚೆನ್ನಾಗಿ ಕಾಯಲೇಬೇಕು, ಇಲ್ಲದಿದ್ದರೆ ತೂತು ಬೀಳುವುದಿಲ್ಲ. ನಾನ್‌ಸ್ಟಿಕ್ ಲೇಪ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡಲು ಶುರುವಾಗುತ್ತದೆ. ದೊಡ್ಡ ಉರಿಯ ಮೇಲೆ ಖಾಲಿ ಕಾವಲಿ ಕೆಲವೇ ನಿಮಿಷದಲ್ಲಿ ಆ ಬಿಸಿ ಮುಟ್ಟುತ್ತದೆ. ಮೇಲಿಂದ ಸ್ಟೀಲಿನ ಸಟ್ಟುಗ ಕೆರೆಯುವುದು ಬೇರೆ. ದಿನಾ ದೋಸೆ ಹೊಯ್ಯುವ ಮನೆಗೆ ಬೀಡೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೊಳ್ಳುವಾಗಲೇ ನೋಡಬೇಕಾದ ಕೆಲವು ಸಂಗತಿಗಳಿವೆ. ಮೊದಲನೆಯದು ಅಳತೆ. ಮನೆಯ ಗ್ಯಾಸ್ ಒಲೆಯ ದೊಡ್ಡ ಬರ್ನರ್ ಕೂಡ ನಾಲ್ಕು ಇಂಚಿನ ಆಸುಪಾಸಿನಲ್ಲೇ ಇರುತ್ತದೆ. ಅದರ ಮೇಲೆ 12 ಇಂಚಿನ ಕಾವಲಿ ಇಟ್ಟರೆ ನಡು ಕಾಯುತ್ತದೆ, ಅಂಚು ತಣ್ಣಗೇ ಉಳಿಯುತ್ತದೆ. ದೋಸೆ ನಡುವಿನಲ್ಲಿ ಕರಕಲು, ಅಂಚಿನಲ್ಲಿ ಹಸಿ. ಗ್ಯಾಸಿಗೆ 10 ಇಂಚು ಸಾಕು, 12 ಇಂಚಿನದು ಸೌದೆ ಒಲೆಗೆ. ಎರಡನೆಯದು ದಪ್ಪ. ನಾಲ್ಕೈದು ಮಿಲಿಮೀಟರ್ ಇದ್ದರೆ ಹಿಟ್ಟು ಬಿದ್ದಾಗ ಬಿಸಿ ಕುಸಿಯುವುದಿಲ್ಲ. 5 ಮಿಲಿಮೀಟರ್ ದಪ್ಪದ 12 ಇಂಚಿನ ಕಾವಲಿ ಹಿಡಿಕೆ ಬಿಟ್ಟೇ ಎರಡೂವರೆ ಕಿಲೋ ತೂಗುತ್ತದೆ, ಆದ್ದರಿಂದ ಅಂಗಡಿಯಲ್ಲೇ ಒಂದು ಕೈಯಲ್ಲಿ ಎತ್ತಿ ನೋಡಬೇಕು. ಮೂರನೆಯದು ದನಿ. ಹಿಡಿಕೆಯಿಂದ ತೂಗಾಡಿಸಿ ಬೆರಳ ಗೆಣ್ಣಿನಿಂದ ತಟ್ಟಿದರೆ ಠಣ್ಣೆಂದು ಎಳೆದು ಕೇಳಿಸಬೇಕು. ದನಿ ಬೊದ್ದಾಗಿದ್ದರೆ ಎಲ್ಲೋ ಕಣ್ಣಿಗೆ ಕಾಣದ ಬಿರುಕಿದೆ ಎಂದೇ ಲೆಕ್ಕ.

ಶಿವಮೊಗ್ಗ ಜಿಲ್ಲೆಯವರಿಗೆ ಬೀಡು ಕಬ್ಬಿಣ ಹೊಸದೇನಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ 1923ರಲ್ಲಿ ಕುಲುಮೆ ಹೊತ್ತಿದಾಗ, ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಮರದ ಇದ್ದಿಲಿನಲ್ಲಿ ಕರಗಿಸಿ ತೆಗೆದದ್ದು ಇದೇ ಜಾತಿಯ ಕಬ್ಬಿಣವನ್ನು. ಇದರಲ್ಲಿ ಇಂಗಾಲದ ಪಾಲು ಹೆಚ್ಚು, ನೂರಕ್ಕೆ ಎರಡರಿಂದ ನಾಲ್ಕು. ಅಚ್ಚಿಗೆ ಸಲೀಸಾಗಿ ಹರಿಯುವುದು ಆ ಇಂಗಾಲದಿಂದಲೇ, ಬೀಳಿಸಿದರೆ ಬಗ್ಗದೆ ಒಡೆಯುವುದೂ ಅದರಿಂದಲೇ. ಕಾದ ಕಾವಲಿಯ ಮೇಲೆ ತಣ್ಣೀರು ಸುರಿದರೆ ಬಿರುಕು ಬಿಡುವುದಕ್ಕೂ ಈ ಗುಣವೇ ಕಾರಣ.

ಬೆಳಿಗ್ಗೆ ಮೊದಲು ಎತ್ತಿಕೊಂಡದ್ದು ಉಪ್ಪುಕಾಗದ. ಮರಳಿನ ಅಚ್ಚಿನಲ್ಲಿ ಹೊಯ್ದ ಕಾವಲಿಯ ಮೈ ತರಿತರಿಯಾಗಿರುತ್ತದೆ. ಜಾತ್ರೆಯ ಕಾವಲಿ ಸವರಿದರೆ ಬೆರಳಿಗೆ ತಾಗುವಷ್ಟು ಒರಟಾಗಿತ್ತು. ಮೊದಲು 80ನೇ ನಂಬರಿನ ಕಾಗದ, ಆಮೇಲೆ 120, ಕಡೆಗೆ 220. ಉಬ್ಬು ತೆಗೆದರೆ ಸಾಕು. ಕನ್ನಡಿಯ ಹಾಗೆ ನುಣುಪು ಮಾಡಹೊರಟರೆ ಎಣ್ಣೆಯ ಪೊರೆಗೆ ಕಚ್ಚಿಕೊಳ್ಳಲು ಜಾಗ ಸಿಗದೆ ಮುಂದೆ ಹಾಳೆಹಾಳೆಯಾಗಿ ಏಳುತ್ತದೆ. ಪೇಟೆಯ ಕಾವಲಿ ಇಷ್ಟು ಒರಟಿರಲಿಲ್ಲ, ಆದರೆ ಅದರ ಮೇಲೆ ತುಕ್ಕು ಹಿಡಿಯದಿರಲೆಂದು ಬಳಿದ ಎಣ್ಣೆಜಿಡ್ಡು ಇತ್ತು. ಎರಡನ್ನೂ ಬಿಸಿನೀರು, ಪಾತ್ರೆ ಸೋಪು, ತೆಂಗಿನ ನಾರು ಹಾಕಿ ಉಜ್ಜಿದೆವು. ತೊಳೆದ ನೀರು ಕಪ್ಪಾಗಿ ಬರುವುದು ನಿಲ್ಲುವವರೆಗೆ ಉಜ್ಜಬೇಕು. ಸೋಪು ಮುಟ್ಟಿಸಬಾರದು ಎನ್ನುವವರಿದ್ದಾರೆ, ಆದರೆ ಇನ್ನೂ ಪಳಗದ ಕಾವಲಿಯಲ್ಲಿ ಸೋಪು ಹಾಳುಮಾಡುವಂಥದ್ದು ಏನೂ ಇರುವುದಿಲ್ಲ.

ಹಿಂದಿನವರು ಹುಳಿ ಬಂದ ಗಂಜಿತಿಳಿಯಲ್ಲಿ ಕಾವಲಿಯನ್ನು ಎರಡು ಮೂರು ದಿನ ನೆನೆಹಾಕುತ್ತಿದ್ದರು. ಆ ಹುಳಿ ಮೇಲ್ಮೈಯ ತುಕ್ಕನ್ನು ಸಡಿಲಿಸುತ್ತದೆ. ತುಕ್ಕು ಹತ್ತಿದ ಹಳೆಯ ಕಾವಲಿಗೆ ಇದು ಈಗಲೂ ಒಳ್ಳೆಯ ಉಪಾಯ. ಹೊಸದಕ್ಕೆ ಬೇಕಿಲ್ಲ.

ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಿ, ಸಣ್ಣ ಉರಿಯ ಮೇಲಿಟ್ಟು ಪೂರಾ ಒಣಗಿಸಿದೆವು. ಹೊರಗೆ ಮೂರು ಕಲ್ಲು ಹೂಡಿ, ಕರಟ ಉರಿಸಿ, ಜ್ವಾಲೆ ಇಳಿದು ಕೆಂಡವಾದ ಮೇಲೆಯೇ ಕಾವಲಿ ಇಟ್ಟದ್ದು. ಕೆಂಡದ ಕಾವು ಇಡೀ ತಳಕ್ಕೆ ಸಮನಾಗಿ ಹತ್ತುತ್ತದೆ. ಒಳಗೆ ಮಾಡಿದರೆ ಹೊಗೆ ಮನೆಯೆಲ್ಲ ತುಂಬುತ್ತದೆ ಎನ್ನುವುದೂ ಇದೆ.

ಎಣ್ಣೆ ಹಚ್ಚುವ ಹೊತ್ತಿಗೆ ಸೊಸೆ ಕೇಳಿದಳು, "ಅಕ್ಕಾ, ಕೊಬ್ಬರಿ ಎಣ್ಣೆನೇ ಹಚ್ಚಿದ್ರೆ ಆಗಲ್ವಾ? ಮನೇಲೇ ಬೇಕಾದಷ್ಟಿದೆ."

"ಬೇಡ ಮಾರಾಯ್ತಿ, ಅದು ಒಣಗೋದೇ ಇಲ್ಲ" ಎಂದೆ.

ಕಾರಣ ಇಷ್ಟು. ಎಣ್ಣೆ ತೆಳುವಾಗಿ ಹರಡಿ ಹೊಗೆಯಾಡುವಷ್ಟು ಕಾದಾಗ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತವೆ. ಈ ಹೆಣಿಗೆ ಆಗಬೇಕಾದರೆ ಅಪರ್ಯಾಪ್ತ ಕೊಬ್ಬು ಬೇಕು. ಸೂರ್ಯಕಾಂತಿ, ಸೋಯಾ, ಎಳ್ಳೆಣ್ಣೆಗಳಲ್ಲಿ ಅದು ಹೆಚ್ಚಿದೆ. ಕೊಬ್ಬರಿ ಎಣ್ಣೆಯಲ್ಲಿ ಬಹುಪಾಲು ಪರ್ಯಾಪ್ತ ಕೊಬ್ಬು. ಕಾಯಿಸಿದರೂ ಅದು ಜಿಡ್ಡಾಗಿಯೇ ಉಳಿದು, ಮಳೆಗಾಲದಲ್ಲಿ ಕಮಟು ವಾಸನೆ ಹೊಡೆಯುತ್ತದೆ. ಅಗಸೆ ಎಣ್ಣೆ ಎಲ್ಲಕ್ಕಿಂತ ಬೇಗ ಗಟ್ಟಿಯಾಗುತ್ತದೆ, ಆದರೆ ಅದರ ಪೊರೆ ಪೆಡಸು, ಚಕ್ಕೆ ಏಳುತ್ತದೆ. ಆವತ್ತು ಬಳಸಿದ್ದು ಮಾಮೂಲಿ ಸೂರ್ಯಕಾಂತಿ ಎಣ್ಣೆ.

ಹೆಚ್ಚಿನ ಕಾವಲಿಗಳು ಕೆಡುವುದು ಇಲ್ಲಿಯೇ, ಎಣ್ಣೆ ಜಾಸ್ತಿಯಾಗಿ. 10 ಇಂಚಿನ ಕಾವಲಿಗೆ ಒಂದು ಸಲಕ್ಕೆ ಅರ್ಧ ಚಹಾ ಚಮಚ ಎಣ್ಣೆ ಸಾಕು. ಕಾವಲಿ ಕೈ ತಡೆಯುವಷ್ಟು ಬಿಸಿಯಿದ್ದಾಗ ಹತ್ತಿ ಬಟ್ಟೆಯಿಂದ ಮೇಲೆ, ಕೆಳಗೆ, ಹಿಡಿಕೆಗೆ ಎಲ್ಲ ಕಡೆ ಸವರಬೇಕು. ಆಮೇಲೆ ಇನ್ನೊಂದು ಒಣ ಬಟ್ಟೆ ತೆಗೆದುಕೊಂಡು, ಹಚ್ಚಿದ್ದನ್ನೆಲ್ಲ ಒರೆಸಿ ತೆಗೆಯುತ್ತಿದ್ದೇವೆ ಎನ್ನುವ ಹಾಗೆ ಒರೆಸಬೇಕು. ಮೈ ಮಿರುಗದೆ ಮಂಕಾಗಿ ಕಂಡರೆ ಹದ ಸರಿಯಿದೆ. ಈಗ ಕೆಂಡದ ಮೇಲಿಟ್ಟರೆ ಸ್ವಲ್ಪ ಹೊತ್ತಿಗೆ ನೀಲಿ ಹೊಗೆ ಏಳುತ್ತದೆ. ಆ ಹೊಗೆ ತಾನಾಗಿ ನಿಲ್ಲುವವರೆಗೆ, ಅಂದಾಜು ಹದಿನೈದು ನಿಮಿಷ, ಬಿಡಬೇಕು. ಇಳಿಸಿ ಆರಿಸಿ, ಮತ್ತೆ ಹಚ್ಚಿ, ಮತ್ತೆ ಒರೆಸಿ, ಮತ್ತೆ ಕಾಯಿಸಬೇಕು. ಬೂದು ಬಣ್ಣದ ಕಾವಲಿ ಮೊದಲು ಕಂದಾಗಿ, ನಾಲ್ಕನೇ ಪದರದ ಹೊತ್ತಿಗೆ ಕಪ್ಪಿಗೆ ತಿರುಗಿತು. ಪೇಟೆಯ ಕಾವಲಿಯ ಒಂದು ಬದಿಯಲ್ಲಿ ಎಣ್ಣೆ ನಿಂತು ಜೇನುಬಣ್ಣದ ಅಂಟು ಹನಿಗಳಾಗಿದ್ದವು. ಅಂಥ ಅಂಟನ್ನು ಇನ್ನಷ್ಟು ಕಾಯಿಸಿ ಒಣಗಿಸಲು ನೋಡಬಾರದು. ಕಲ್ಲುಪ್ಪು ಉದುರಿಸಿ ನಾರಿನಿಂದ ಅಷ್ಟೇ ಜಾಗ ಉಜ್ಜಿ ತೆಗೆದು, ಮತ್ತೊಂದು ತೆಳು ಪದರ ಕೊಟ್ಟರೆ ಸರಿಹೋಗುತ್ತದೆ. ಆಕೆಯದೂ ಹಾಗೆಯೇ ಸರಿಹೋಯಿತು.

ಮಧ್ಯಾಹ್ನದ ಮೇಲೆ ಎರಡೂ ಕಾವಲಿಯಲ್ಲಿ ಹೆಚ್ಚಿದ ಈರುಳ್ಳಿ ಹಾಕಿ, ಎರಡು ಚಮಚ ಎಣ್ಣೆ ಬಿಟ್ಟು, ಕರಿಯಾಗುವವರೆಗೆ ಹುರಿದು ಚೆಲ್ಲಿದೆವು. ಉಳಿದ ಲೋಹದ ವಾಸನೆ ಇದರಿಂದ ಹೋಗುತ್ತದೆ. ಸಂಜೆ ಹೊಯ್ದದ್ದು ಮೆಂತ್ಯ ಹಾಕಿದ ಉದ್ದಿನ ದೋಸೆ, ಬೇಕೆಂದೇ ದಪ್ಪಗೆ, ಸುತ್ತ ಎಣ್ಣೆ ಬಿಟ್ಟು. ಹೊಸ ಕಾವಲಿಯಲ್ಲಿ ಮೊದಲ ದಿನವೇ ನೀರು ದೋಸೆ ಬೇಡ. ಅದು ಬರೀ ಅಕ್ಕಿ, ಎಣ್ಣೆಯೂ ಕಡಿಮೆ, ಪೊರೆಯಲ್ಲಿ ಸಣ್ಣ ಕೊರತೆಯಿದ್ದರೂ ಅಲ್ಲೇ ಕಚ್ಚಿ ಕೂರುತ್ತದೆ. ಒಂದೆರಡು ವಾರ ಉದ್ದಿನ ದೋಸೆಯಾಗಲಿ, ಆಮೇಲೆ 2 ಲೋಟ ಅಕ್ಕಿಗೆ, ರುಬ್ಬುವಾಗ ಹಾಕಿದ್ದೂ ಸೇರಿ, 4ರಿಂದ 5 ಲೋಟ ನೀರಿನ ಲೆಕ್ಕದಲ್ಲಿ ಹಿಟ್ಟು ತೆಳು ಮಾಡಿ ನೋಡಬಹುದು. ಪ್ರತಿ ಸೌಟಿಗೂ ಹಿಟ್ಟು ತಳದಿಂದ ಕಲಕಬೇಕು, ಇಲ್ಲದಿದ್ದರೆ ಅಕ್ಕಿ ಕೆಳಗೆ ಕೂತು ಕಡೆಯ ದೋಸೆಗಳು ಗಟ್ಟಿಯಾಗುತ್ತವೆ. ನೀರು ದೋಸೆಗೆ ಕಾವಲಿ ಚೆನ್ನಾಗಿ ಕಾಯಬೇಕು, ಉದ್ದಿನ ದೋಸೆಗೆ ಇದರ ಉಲ್ಟಾ ನಿಯಮ: ಕಾವಲಿ ಅತಿಯಾಗಿ ಕಾದಿದ್ದರೆ ಹಿಟ್ಟು ಹರಡದೆ ಸೌಟಿನ ಜೊತೆಗೇ ಎದ್ದು ಬರುತ್ತದೆ. ಆಗ ನಾಲ್ಕು ಹನಿ ನೀರು ಚಿಮುಕಿಸಿ, ಒರೆಸಿ, ಹೊಯ್ಯಬೇಕು. ಎಣ್ಣೆ ಸವರಲು ಅರ್ಧ ಈರುಳ್ಳಿಯೋ ಬದನೆಕಾಯಿಯ ತೊಟ್ಟಿನ ಭಾಗವೋ ಸಾಕು.

ಅಕ್ಕಿ ರೊಟ್ಟಿಗೆ ಬೇರೆ ಹಂಚು ಇಟ್ಟುಕೊಳ್ಳುವುದು ಮಲೆನಾಡಿನ ಹಳೆಯ ರೂಢಿ, ಅದನ್ನು ಬಿಡಬಾರದು. ರೊಟ್ಟಿಯನ್ನು ಎಣ್ಣೆಯಿಲ್ಲದೆ ಸುಡುವುದು. ಉದುರಿದ ಒಣ ಹಿಟ್ಟು ಕಾವಲಿಯ ಮೇಲೆ ಸುಟ್ಟು ಕಚ್ಚುತ್ತದೆ, ಮರುದಿನದ ದೋಸೆ ಅಲ್ಲೇ ಹಿಡಿಯುತ್ತದೆ. ಹುಣಸೆ, ವಾಟೆಹುಳಿ, ಟೊಮೆಟೊ ಇರುವ ಗೊಜ್ಜನ್ನೂ ಕಬ್ಬಿಣದಲ್ಲಿ ಕುದಿಸಬಾರದು. ಹುಳಿ ಪೊರೆಯನ್ನು ತಿನ್ನುತ್ತದೆ, ಗೊಜ್ಜು ಕಪ್ಪಾಗಿ ಲೋಹದ ರುಚಿ ಬರುತ್ತದೆ. ಅದಕ್ಕೆ ಕಲ್ಚಟ್ಟಿ, ಮಣ್ಣಿನ ಪಾತ್ರೆ ಅಥವಾ ಸ್ಟೀಲು. ಹಿತ್ತಾಳೆಯಾದರೆ ಒಳಮೈಗೆ ಕಲಾಯಿ, ಅಂದರೆ ತವರದ ಲೇಪ, ಇರಲೇಬೇಕು, ಮತ್ತು ಕಲಾಯಿ ಪಾತ್ರೆಯನ್ನು ಖಾಲಿಯಾಗಿ ಉರಿಯ ಮೇಲೆ ಇಡಬಾರದು. ತವರ 232 ಡಿಗ್ರಿಗೇ ಕರಗುತ್ತದೆ.

ದೋಸೆ ಮುಗಿದ ಮೇಲಿನ ಕೆಲಸ ಮಳೆಗಾಲದಲ್ಲಿ ಎರಡು ಪಾಲು ಮುಖ್ಯ. ಕಾವಲಿ ತಾನಾಗಿ ಆರಿದ ಮೇಲೆ ತೊಳೆದು, ಒರೆಸಿ, ಮತ್ತೆ ಒಲೆಯ ಮೇಲೆ ಎರಡು ನಿಮಿಷ ಕಾಯಿಸಿ, ಬಿಸಿಯಿರುವಾಗಲೇ ಎರಡು ಹನಿ ಎಣ್ಣೆ ಸವರಿ ಒರೆಸಬೇಕು. ಸೌದೆ ಒಲೆಯಿದ್ದ ಕಾಲಕ್ಕೆ ಒಲೆಯ ಮೇಲಿನ ಗೋಡೆಗೆ ತೂಗುಹಾಕಿದರೆ ಹೊಗೆ, ಕಾವು ಎರಡೂ ಸೇರಿ ಕಾಯುತ್ತಿದ್ದವು. ಗ್ಯಾಸಿನ ಅಡಿಗೆಮನೆಯಲ್ಲಿ ಆ ಅನುಕೂಲವಿಲ್ಲ. ಪೇಪರಿನಲ್ಲಿ ಸುತ್ತಿಟ್ಟರೆ ಪೇಪರು ತೇವ ಎಳೆದುಕೊಂಡು ಕಾವಲಿಗೇ ಕೊಡುತ್ತದೆ. ಗಾಳಿಯಾಡುವ ಕಡೆ ಮೊಳೆಗೆ ನೇತುಹಾಕುವುದೇ ವಾಸಿ, ಉಪ್ಪಿನ ಭರಣಿಯಿಂದ ದೂರ. ಆಷಾಢದಲ್ಲಿ ಎಲ್ಲಾದರೂ ಕೆಂಪು ಚುಕ್ಕೆ ಕಂಡರೆ ಅಷ್ಟು ಜಾಗಕ್ಕೆ ಕಲ್ಲುಪ್ಪು ಮತ್ತು ಎಣ್ಣೆ ಹಾಕಿ ಉಜ್ಜಿ, ತೊಳೆದು ಕಾಯಿಸಿ ಒಣಗಿಸಿ, ಒಂದು ತೆಳು ಪದರ ಕೊಟ್ಟು ಹೊಗೆಯಾಡಿಸಿದರೆ ಮರುದಿನವೇ ದೋಸೆ ಹೊಯ್ಯಬಹುದು.