ಹರಗೂದು, ಎಡಿ ಹೊಡಿಯೂದು

ಹೊಲದ ಕೆಲಸದ ಮಾತುಗಳನ್ನೆಲ್ಲ ಬರೆದಿಡಬೇಕೆಂಬುದು ನನ್ನ ಬಹಳ ದಿನದ ಆಸೆ. ಮೊನ್ನೆ ಮಳೆ ಹೊಳವಾದ ಮೇಲೆ ಫೋನ್ ಹಿಡಿದು ಅವ್ವನ ಮುಂದೆ ಕೂತೆ. ಅವ್ವ ಹೇಳುವುದು, ಫೋನ್ ಕೇಳಿಸಿಕೊಂಡು ಬರೆಯುವುದು.

"ಬಿತ್ತೂಕಿಂತ ಮೊದ್ಲ ಕುಂಟಿ ಹೂಡಿ ಹರಗೂದು. ಬೆಳಿ ಎದ್ದ ಮ್ಯಾಲ ಸಾಲಿನ ನಡುವ ಎಡಿ ಹೊಡಿಯೂದು."

ಪರದೆ ನೋಡಿದರೆ ಮಣ್ಣು ಸಡಿಲಿಸುವ ಹರಗೂದು ಹೋಗಿ ‘ಹರಡುವುದು’ ಆಗಿತ್ತು. ಕಳೆ ತೆಗೆಯುವ ಎಡಿ ‘ಎಡ’ವಾಗಿತ್ತು. ಬೀಜ ಬಿತ್ತುವ ಕೂರಿಗಿ ಅಂದರೆ ‘ಕುರಿಗೆ’. ಮೂರು ಸಲ ಹೇಳಿಸಿದೆ. ನಾಲ್ಕನೇ ಸಲಕ್ಕೆ ಅವ್ವ ದನಿ ತಗ್ಗಿಸಿ, "ಅದಕ್ಕ ತಿಳಿಯೂಹಂಗ ಹ್ಯಾಂಗ ಹೇಳ್ಬೇಕು, ನೀನ ಹೇಳವ್ವಾ" ಅಂದಳು. ಕರುಳು ಚುರುಕ್ ಅಂತು. ಅರ್ಧ ಆಯುಷ್ಯ ಹೊಲದಲ್ಲೇ ಕಳೆದವಳು ತನ್ನ ಮಾತೇ ತಪ್ಪು ಅಂದುಕೊಂಡಳು.

ಆ ರಾತ್ರಿ ಜಾರ್ಜ್ ಆರ್ವೆಲ್‌ನ ‘1984’ ಮತ್ತೆ ತೆಗೆದೆ. 1949ರಲ್ಲಿ ಬಂದ ಈ ಕಾದಂಬರಿ ಅಂದರೆ ಎಲ್ಲರಿಗೂ ಗೋಡೆಯಿಂದ ದಿಟ್ಟಿಸುವ ಸರ್ವಾಧಿಕಾರಿ ‘ಬಿಗ್ ಬ್ರದರ್’ನ ಮುಖವೇ ನೆನಪಾಗುತ್ತದೆ. ನನ್ನನ್ನು ಈ ಸಲ ಹಿಡಿದು ನಿಲ್ಲಿಸಿದವನು ಸೈಮ್. ಜನರ ಯೋಚನೆಯನ್ನೇ ಕುಗ್ಗಿಸಲು ಆಳುವ ಪಕ್ಷ ಕಟ್ಟುತ್ತಿರುವ ‘ನ್ಯೂಸ್ಪೀಕ್’ ಭಾಷೆಯ ನಿಘಂಟಿನ ಹನ್ನೊಂದನೇ ಆವೃತ್ತಿಗೆ ದುಡಿಯುವ ಭಾಷಾತಜ್ಞ. ಅವನ ಕೆಲಸ ಪದ ಅಳಿಸುವುದು. ‘ಗುಡ್’ ಇದ್ದ ಮೇಲೆ ‘ಬ್ಯಾಡ್’ ಯಾಕೆ, ‘ಅನ್‌ಗುಡ್’ ಸಾಕಲ್ಲ ಎನ್ನುತ್ತಾನೆ. ಕ್ಯಾಂಟೀನಿನಲ್ಲಿ ಕೂತು ಇದನ್ನು ಹೇಳುವಾಗ ಅವನ ಕಣ್ಣು ಕನಸು ಕಾಣುವವನ ಕಣ್ಣಿನ ಹಾಗಾಗುತ್ತದೆ. ಭಾಷೆಯ ಮೇಲೆ ಅಷ್ಟು ಮೋಹ ಇದ್ದವನೇ ಅದನ್ನು ಕತ್ತರಿಸುತ್ತಿದ್ದಾನೆ, ನನಗೆ ತಡೆಯಲಾಗದ್ದು ಅದು. ಮುಂದೊಂದು ದಿನ ಸೈಮೇ ಇಲ್ಲ. ಚೆಸ್ ಸಮಿತಿಯ ಪಟ್ಟಿಯಲ್ಲಿ ಗೀಟು ಹೊಡೆದ ಗುರುತೂ ಇಲ್ಲ, ಒಂದು ಹೆಸರು ಕಡಿಮೆ, ಅಷ್ಟೇ.

ಅವ್ವನ ಪದವೂ ಹಾಗೇ ಹೋಗಿತ್ತು. ಕೆಂಪು ಗೆರೆ ಕೂಡ ಇರಲಿಲ್ಲ.

ಫೋನಿಗೆ ದುರುದ್ದೇಶ ಇಲ್ಲ ಅಂತ ನನಗೂ ಗೊತ್ತು. ಅದಕ್ಕೆ ಕನ್ನಡ ಕಲಿಸಿದವರು ನಮ್ಮ ಕಡೆ ಮಾತು ಕಲಿಸಿಲ್ಲ. ಆದರೆ ಹರಗೂದು ಬಿತ್ತುವ ಮೊದಲು, ಎಡಿ ಹೊಡಿಯೂದು ಬೆಳೆ ಬಂದ ಮೇಲೆ. ಎರಡು ಪದ ಹೋದರೆ ಎರಡು ಹಂತದ ತಿಳಿವಳಿಕೆ ಹೋಯಿತು.

ಕಾದಂಬರಿಯ ನಾಯಕ ವಿನ್‌ಸ್ಟನ್‌ಗೂ ‘ಸ್ಪೀಕ್‌ರೈಟ್’ ಎಂಬ ಯಂತ್ರಕ್ಕೆ ಹೇಳಿ ಬರೆಸುವುದೇ ರೂಢಿ, ಕೈಬರಹ ಮರೆತೇಹೋದಂತಾಗಿದೆ. ಆದರೂ ಕದ್ದುಮುಚ್ಚಿ ದಿನಚರಿ ಬರೆಯಲು ನಿಬ್ಬಿನ ಪೆನ್ನು ಹುಡುಕಿ ತಂದಿದ್ದಾನೆ.

ಇವತ್ತು ಬೆಳಿಗ್ಗೆ ನೂರು ಪುಟದ ನೋಟ್‌ಬುಕ್ ತಂದೆ. ಮೊದಲ ಸಾಲಿಗೆ ಹರಗೂದು ಬರೆದು ಅವ್ವನಿಗೆ ಓದಿ ಹೇಳಿದೆ.

"ಕರಿ ಮಣ್ಣಿನ ಎರಿ ಹೊಲಕ್ಕ ಬ್ಯಾರೆ, ಕೆಂಪು ಮಸಾರಿಗೆ ಬ್ಯಾರೆ ಐತಿ," ಅಂದಳು. "ಅದನ್ನೂ ಬರ್ಕೋ."