ಬದಿಯಡ್ಕದ ಮನೆ: 17ನೆಯ ಭೇಟಿಯವರೆಗಿನ ಕೆಲಸ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಈ ಮನೆಗೆ ಪಂಚಾಂಗದ, ಅಂದರೆ ಅಡಿಪಾಯದ, ಗುಂಡಿ ತೋಡಿದ್ದು ಜನವರಿಯ ಎರಡನೆಯ ವಾರದಲ್ಲಿ. ಅಂದೇ ನಾನು ಮೊದಲ ಚಿತ್ರ ತೆಗೆದೆ. ಕಳೆದ ಶನಿವಾರ 17ನೆಯ ಭೇಟಿ ಮುಗಿಯಿತು. ಸ್ಲ್ಯಾಬ್ ಹಾಕಿ ಆಗಿದೆ, ಅಡಿಯಲ್ಲಿ ಅದನ್ನು ಹೊತ್ತ ಸೆಂಟ್ರಿಂಗಿನ ಕಂಬಗಳು ಇನ್ನೂ ನಿಂತಿವೆ, ಮೇಲೆ ಗಾರೆಯ ಬದು ಕಟ್ಟಿ ನೀರು ನಿಲ್ಲಿಸಿದ್ದಾರೆ. ಮನೆಯ ಯಜಮಾನರು ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಊರಿನವರಿಗೆಲ್ಲ ಅವರು ಮಾಸ್ಟ್ರು, ನನಗೂ ಹಾಗೆಯೇ. ಗೃಹಪ್ರವೇಶದವರೆಗೆ ವಾರಕ್ಕೊಮ್ಮೆ ಬಂದು ಕಟ್ಟುವ ಕೆಲಸದ ಚಿತ್ರ ತೆಗೆಯುವುದೆಂದು ಮಾತಾಗಿದೆ.

ಹದಿನಾಲ್ಕು ವರ್ಷ ಮದುವೆಯ ಚಿತ್ರಗಳನ್ನೇ ತೆಗೆದು ಬದುಕಿದ ನಾನು ಕಟ್ಟಡಗಳ ಕಡೆಗೆ ತಿರುಗಿ ಆರು ವರ್ಷವಾಯಿತು. ಮೊದಮೊದಲು ಎದುರಿನ ನೋಟ, ಬದಿಯ ನೋಟ, ಸಂಜೆಯ ಬೆಳಕಿನಲ್ಲಿ ಜಗಲಿ, ಇಷ್ಟೇ ನನ್ನ ಕೆಲಸವಾಗಿತ್ತು. ಕುಂಬಳೆಯ ಸಮೀಪ ಹೀಗೆ ದಾಖಲಿಸಿದ ಒಂದು ಮನೆಯಲ್ಲಿ ಎರಡು ವರ್ಷಗಳ ಬಳಿಕ ಬಚ್ಚಲಿನ ಗೋಡೆ ಒಸರತೊಡಗಿತು. ಒಳಗಿನ ಪೈಪು ಯಾವ ದಾರಿಯಲ್ಲಿ ಹೋಗಿದೆ ಎಂದು ತಿಳಿಯಲು ಮನೆಯವರು ನನ್ನನ್ನು ಕೇಳಿದರು. ನನ್ನಲ್ಲಿದ್ದ ನಾನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಒಂದರಲ್ಲಿಯೂ ಆ ಪೈಪು ಇರಲಿಲ್ಲ. ಮೂರು ಕಡೆ ಟೈಲ್ಸ್ ಒಡೆದ ಮೇಲೆ ಸೋರುವ ಜಾಗ ಸಿಕ್ಕಿತು. ಮುಗಿದ ಮನೆಯ ಚಿತ್ರವನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ತೆಗೆಯಬಹುದು. ಮುಚ್ಚಿಹೋಗುವುದನ್ನು ಮುಚ್ಚುವ ಮೊದಲೇ ತೆಗೆಯಬೇಕು. ಬದಿಯಡ್ಕದ ಕೆಲಸವನ್ನು ಈ ತಿಳಿವಳಿಕೆಯ ಮೇಲೆಯೇ ಯೋಜಿಸಿದ್ದೇನೆ.

ಮೊದಲ ದಿನವೇ ಉಳಿಕೆ ಕಂಬಿಯ ಒಂದು ತುಂಡನ್ನು ಅಂಗಳದ ಮೂಲೆಯಲ್ಲಿ ಹುಗಿದು ಬುಡಕ್ಕೆ ಕಾಂಕ್ರೀಟು ಹಾಕಿಸಿದೆ. ಆ ಕಂಬಿಯ ನೇರಕ್ಕೆ ಟ್ರೈಪಾಡ್, ನೆಲದಿಂದ 150 ಸೆಂಟಿಮೀಟರ್ ಎತ್ತರ, 24 ಮಿಲಿಮೀಟರ್ ಲೆನ್ಸ್, ಬೆಳಿಗ್ಗೆ ಏಳೂವರೆ. ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿದರೆ ಗೋಡೆಗಳು ಒಳಕ್ಕೆ ವಾಲಿದಂತೆ ಕಾಣುವುದರಿಂದ ಅದನ್ನು ಸಮಮಟ್ಟದಲ್ಲಿಟ್ಟು, ಕೆಳಗೆ ಹೆಚ್ಚಾಗಿ ಬರುವ ಅಂಗಳವನ್ನು ಆಮೇಲೆ ಕತ್ತರಿಸುತ್ತೇನೆ. ಬಾವಿಕಟ್ಟೆಯ ಅಂಚು ಹಿಂದಿನ ತೆಂಗಿನ ಮರದ ಬುಡಕ್ಕೆ ತಾಗಿದಂತೆ ಕಂಡರೆ ಚೌಕಟ್ಟು ಸರಿಯಾಗಿದೆ ಎಂದರ್ಥ. ಇಷ್ಟೆಲ್ಲ ಜಾಗ್ರತೆ ವಹಿಸಿದರೂ ಮಾರ್ಚ್ ತಿಂಗಳಲ್ಲಿ ಒಂದು ಲಾರಿ ಮುರಕಲ್ಲು (ಗೋಡೆ ಕಟ್ಟುವ ಕೆಂಪು ಕಲ್ಲು) ಸರಿಯಾಗಿ ನನ್ನ ಕಂಬಿಯ ಮೇಲೆಯೇ ಬಿತ್ತು. ಎರಡು ವಾರ ನಾಲ್ಕು ಅಡಿ ಎಡಕ್ಕೆ ನಿಂತು ತೆಗೆದೆ. ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಾಗ ಆ ಎರಡರಲ್ಲಿ ಮಾತ್ರ ಸಿಟೌಟಿನ (ಮುಂಜಗಲಿಯ) ಕಂಬ ಹಿಂದಿನ ಕಿಟಕಿಯನ್ನು ಮರೆಮಾಡಿದೆ. ಎಷ್ಟು ಕತ್ತರಿಸಿದರೂ, ತಿರುಗಿಸಿದರೂ ಅದು ಸರಿಹೋಗುವುದಿಲ್ಲ, ಏಕೆಂದರೆ ನಿಂತ ಜಾಗವೇ ಬೇರೆ. ಈಗ ಬಾವಿಕಟ್ಟೆಯ ಮೇಲೆ ಬಣ್ಣದಿಂದ ಗುರುತು ಹಾಕಿ ಎರಡನೆಯ ನೆಲೆಯನ್ನೂ ಇಟ್ಟುಕೊಂಡಿದ್ದೇನೆ.

ಮುರಕಲ್ಲಿನ ಬಣ್ಣ ಬೇರೆಯೇ ಒಂದು ಪಾಠ ಕಲಿಸಿತು. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಕಲ್ಲನ್ನು ಮಲಪ್ಪುರದ ಅಂಗಾಡಿಪುರದಲ್ಲಿ ಕಂಡು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಲ್ಯಾಟರೈಟ್ ಎಂದು ಹೆಸರಿಸಿದ. ನೆಲದಿಂದ ತೆಗೆದಾಗ ಕಬ್ಬಿಣದ ಆಯುಧಕ್ಕೆ ಸಿಗುವಷ್ಟು ಮೆದುವಾಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ ಎಂದು ಅವನು ಬರೆದದ್ದನ್ನು ನಮ್ಮ ಕಲ್ಲುಕೋರೆಯಲ್ಲಿ ದುಡಿಯುವ ಯಾರಾದರೂ ಒಪ್ಪುತ್ತಾರೆ. ಕೋರೆಯಿಂದ ಬಂದ ವಾರ ಹಳದಿ, ನಸುಗೆಂಪು ಮಚ್ಚೆಗಳಿಂದ ಹೊಳೆಯುವ ಕಲ್ಲು ಬಿಸಿಲಿಗೆ ನಿಧಾನವಾಗಿ ಮಂಕಾಗುತ್ತದೆ. ಆ ಬದಲಾವಣೆ ಚಿತ್ರಗಳ ಸಾಲಿನಲ್ಲಿ ಕಾಣಿಸಬೇಕೆಂಬುದು ನನ್ನ ಆಸೆ. ಆದರೆ ಬೆಳಕಿಗೆ ತಕ್ಕಂತೆ ಬಣ್ಣವನ್ನು ತಾನೇ ಹೊಂದಿಸುವ ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್, ಚೌಕಟ್ಟಿನ ತುಂಬ ಕೆಂಪು ಕಂಡೊಡನೆ ಅದನ್ನು ತಗ್ಗಿಸಿಬಿಡುತ್ತದೆ; ಕಲ್ಲು ಮಂಕಾಯಿತೇ, ಕ್ಯಾಮೆರಾ ಮಂಕಾಗಿಸಿತೇ ಎಂದು ಹೇಳಲಾಗದು. ನಾಲ್ಕನೆಯ ವಾರದಿಂದ ಅದನ್ನು 5200 ಕೆಲ್ವಿನ್‌ಗೆ ನಿಲ್ಲಿಸಿ, ಪ್ರತಿ ಭೇಟಿಯಲ್ಲಿಯೂ ಬಣ್ಣ ಹೋಲಿಸಿ ನೋಡಲು ಬೂದುಬಣ್ಣದ ಕಾರ್ಡ್ ಹಿಡಿದು ಒಂದು ಚಿತ್ರ ತೆಗೆಯುತ್ತಿದ್ದೇನೆ.

ಏಪ್ರಿಲ್ ಮೂರನೆಯ ವಾರ, ಸ್ಲ್ಯಾಬಿನ ಹಿಂದಿನ ದಿನ. ಈ ಮನೆಯಲ್ಲಿ ಇದುವರೆಗೆ ನಾನು ಮಾಡಿದ ಕೆಲಸಗಳಲ್ಲಿ ಮುಖ್ಯವಾದದ್ದು ಆ ಮಧ್ಯಾಹ್ನದ ಎರಡು ಗಂಟೆಗಳದ್ದು. ಹಲಗೆಯ ಮೇಲೆ 8 ಮಿಲಿಮೀಟರ್ ಕಂಬಿಗಳ ಜಾಲ, ಅದರ ನಡುವೆ ಕರೆಂಟಿನ ವಯರ್ ಹೋಗುವ ಪೈಪುಗಳು, ಫ್ಯಾನಿನ ಬಾಕ್ಸುಗಳು. ಪ್ರತಿ ಕೋಣೆಯ ಮೇಲ್ಭಾಗವನ್ನು ತುಂಡು ತುಂಡಾಗಿ, ಒಂದು ಚಿತ್ರದ ಮೂರನೆಯ ಒಂದು ಪಾಲು ಮುಂದಿನದರಲ್ಲಿ ಮರಳಿ ಬರುವಂತೆ, ಟೇಪನ್ನು ಬಿಚ್ಚಿಟ್ಟು, ಎಲ್ಲಿಯಾದರೂ ಗೋಡೆಯ ಒಂದು ಮೂಲೆ ಸೇರುವಂತೆ ತೆಗೆದೆ. ಮೂಲೆ ಇಲ್ಲದ ಚಿತ್ರ ಮುಂದೆ ಯಾವ ಕೋಣೆಯದೆಂದು ತಿಳಿಯುವುದಿಲ್ಲ. ರಾತ್ರಿ ಮನೆಯಲ್ಲಿ ದೊಡ್ಡದು ಮಾಡಿ ನೋಡುವಾಗ ಬಡಗು ಮೂಲೆಯ ಚಿತ್ರದಲ್ಲಿ ಮಾತ್ರ ಕಂಬಿಗಳ ಕೆಳಗೆ ನೆರಳು ಇರಲಿಲ್ಲ. ಉಳಿದೆಡೆ ಕಂಬಿಯ ಅಡಿಗೆ ಇಡುವ ಚಿಕ್ಕ ತುಂಡು, ಅಂದರೆ ಕವರ್ ಬ್ಲಾಕ್, ಕಂಬಿಯನ್ನು 20 ಮಿಲಿಮೀಟರ್ ಎತ್ತಿ ಹಿಡಿದಿದ್ದರಿಂದ ಹಲಗೆಯ ಮೇಲೆ ತೆಳ್ಳನೆಯ ನೆರಳಿನ ಗೆರೆ ಬಿದ್ದಿತ್ತು. ಅಲ್ಲಿ ಕಂಬಿ ಹಲಗೆಗೇ ಅಂಟಿಕೊಂಡಿತ್ತು. ಹಾಗೆಯೇ ಕಾಂಕ್ರೀಟು ಸುರಿದಿದ್ದರೆ ಕಂಬಿಯ ಅಡಿಭಾಗ ತೇವಕ್ಕೆ ತೆರೆದುಕೊಂಡು, ತುಕ್ಕು ಹಿಡಿದು ಉಬ್ಬಿ, ಕೆಲವು ವರ್ಷಗಳಲ್ಲಿ ಅಡಿಯ ಗಾರೆ ಕಳಚಿ ಬೀಳುತ್ತಿತ್ತು.

ರಾತ್ರಿಯೇ ಮಾಸ್ಟ್ರಿಗೆ ಫೋನ್ ಮಾಡಿದೆ. ಬೆಳಿಗ್ಗೆ ಮಿಕ್ಸರ್ ಬರುವ ಮೊದಲು ಮೇಸ್ತ್ರಿ ಚಿತ್ರವನ್ನು ನೋಡಿದರು, ಏನೂ ಹೇಳದೆ ಮೇಲೆ ಹತ್ತಿ ಹತ್ತು ಹನ್ನೆರಡು ಬ್ಲಾಕುಗಳನ್ನು ತಾವೇ ಇಟ್ಟರು. ಇಳಿದು ಬಂದು, "ಇನ್ನೊಂದು ಸರ್ತಿ ತೆಗೀರಿ ಅಣ್ಣ, ಸರಿ ಮಾಡಿದ್ದೂ ಇರಲಿ" ಎಂದರು. ಎರಡೂ ಚಿತ್ರಗಳು ಮಾಸ್ಟ್ರ ಕಡತದಲ್ಲಿವೆ.

ಲಂಡನ್ನಿನ ಹೈಡ್ ಪಾರ್ಕಿನಿಂದ ಬಿಚ್ಚಿದ ಗಾಜು-ಕಬ್ಬಿಣದ ಕಟ್ಟಡ ಕ್ರಿಸ್ಟಲ್ ಪ್ಯಾಲೇಸನ್ನು ಸಿಡನ್‌ಹ್ಯಾಮಿನಲ್ಲಿ ಮರಳಿ ಕಟ್ಟುವಾಗ, 1852ರಿಂದ 1854ರವರೆಗೆ ಛಾಯಾಗ್ರಾಹಕ ಫಿಲಿಪ್ ಡೆಲಮೋಟ್ ಅದರ ಚಿತ್ರಗಳನ್ನು ತೆಗೆದ. 1936ರಲ್ಲಿ ಕಟ್ಟಡ ಸುಟ್ಟುಹೋಯಿತು. ಗಾಜು ಕೂರಿಸುವ ಮೊದಲಿನ ಬರಿಯ ಕಬ್ಬಿಣದ ಎಲುಬುಗಳು ಆ ಚಿತ್ರಗಳಲ್ಲಿ ಇಂದಿಗೂ ನಿಂತಿವೆ. ಕೆಲಸಗಾರರ ಮಟ್ಟಿಗೆ ನಾನು ನೆನೆಯುವುದು ಅಮೆರಿಕದ ಛಾಯಾಗ್ರಾಹಕ ಲೂಯಿಸ್ ಹೈನ್‌ನನ್ನು. 1930–31ರಲ್ಲಿ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡ ಏಳುವುದನ್ನು ಚಿತ್ರಿಸಿದಾಗ ಅವನ ವಯಸ್ಸು ಐವತ್ತು ದಾಟಿತ್ತು. ಉಕ್ಕು ಜೋಡಿಸುವವರ ಜೊತೆಗೆ ಮೇಲೆ ಹತ್ತಿಯೇ ತೆಗೆದ. ಇಲ್ಲಿ ಕಂಬಿ ಕಟ್ಟುವವರು ಬಂಗಾಳದಿಂದ ಬಂದ ಹುಡುಗರು. ಕೇಳದೆ ನಾನು ಯಾರ ಮುಖವನ್ನೂ ತೆಗೆಯುವುದಿಲ್ಲ, ತೆಗೆದದ್ದರ ಪ್ರಿಂಟನ್ನು ಮುಂದಿನ ವಾರ ಕೊಡುತ್ತೇನೆ. ಒಬ್ಬ ಹುಡುಗ ತನ್ನ ಮುಖಕ್ಕಿಂತ ಕೈಯನ್ನು ತೆಗೆಯಲು ಹೇಳಿದ. ಕೊಕ್ಕೆಯ ಒಂದೇ ತಿರುವಿಗೆ ತಂತಿಯ ಎರಡು ತುದಿಗಳು ಹೆಣೆದುಕೊಳ್ಳುವುದನ್ನು ಹಿಡಿಯಲು ಹನ್ನೊಂದು ಬಾರಿ ಪ್ರಯತ್ನಿಸಬೇಕಾಯಿತು.

ದಿನಗಳನ್ನು ಹೊಂದಿಸುವುದೇ ಈ ವೃತ್ತಿಯಲ್ಲಿ ಕಷ್ಟ. ಮದುವೆಗೆ ಒಳ್ಳೆಯ ದಿನವೆಂದು ಗೊತ್ತುಮಾಡಿದ್ದೇ ಕಟ್ಟಳೆ (ಬಾಗಿಲ ಚೌಕಟ್ಟು) ಇಡುವುದಕ್ಕೂ ಒಳ್ಳೆಯ ದಿನವಾಗಿರುತ್ತದೆ. ಈ ವರ್ಷ ಎರಡು ಮದುವೆಗಳನ್ನು ಬೇರೆಯವರಿಗೆ ಬಿಟ್ಟುಕೊಟ್ಟೆ.

ಸೆಂಟ್ರಿಂಗನ್ನು 21 ದಿನ ಕಳೆದ ಮೇಲೆ ತೆಗೆಯುತ್ತಾರೆ. ಆಮೇಲೆ ಗೋಡೆ ಕೊರೆದು ನೀರಿನ ಪೈಪು ಕೂರಿಸುವ ಕೆಲಸವಿದೆ. ಮಳೆಗಾಲದ ಮುಂಚೆ, ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಪತ್ತನಾಜೆಯ ಒಳಗೆ ಅದು ಮುಗಿದರೆ ಒಳ್ಳೆಯದು. ಮಳೆ ಹಿಡಿದರೆ ಒಳಗಿನ ಬೆಳಕು ಸಾಲದು, ಲೆನ್ಸಿಗೆ ಬೂಸ್ಟು ಬಾರದಂತೆ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಬೇಕು. ಗಾರೆ ಬಳಿಯುವುದಕ್ಕೆ ಎರಡು ದಿನ ಮೊದಲು ತಿಳಿಸುವಂತೆ ಪ್ಲಂಬರಿಗೂ ಮೇಸ್ತ್ರಿಗೂ ಹೇಳಿ ಬಂದಿದ್ದೇನೆ. ಮೊದಲು ಬಚ್ಚಲಿನ ಗೋಡೆ.