ಗೋಣಿ ಹೊದ್ದ ಅಂಜೂರ

"ಐಸ್ ಬೀಳೋ ಊರಲ್ಲಿ ಅಂಜೂರ ಎಂಗವ್ವಾ ಬಿಡ್ತದೆ?" ಅಮ್ಮ ವರ್ಷಕ್ಕೊಂದು ಸಲವಾದರೂ ಫೋನಿನಲ್ಲಿ ಇದನ್ನು ಕೇಳುತ್ತಾಳೆ. ನಾನು ಒಂದೊಂದು ವರ್ಷ ಒಂದೊಂದು ಉತ್ತರ ಕೊಟ್ಟಿದ್ದೇನೆ. ನನಗೂ ಅದು ಗೊತ್ತಾಗಿದ್ದು ಕಂತುಕಂತಾಗಿಯೇ.

ನಾವು ಶ್ರೀರಂಗಪಟ್ಟಣದ ಕಡೆಯವರು. ಅಂಜೂರ ಅಂದರೆ ನಮಗೆ ಗಂಜಾಂ. ನಿಮಿಷಾಂಬ ಗುಡಿಗೆ ಹೋದವರು ಹಣ್ಣು ಕಟ್ಟಿಸಿಕೊಂಡು ಬರುತ್ತಿದ್ದ ಕಾಲ ಒಂದಿತ್ತು. ಈಗ ಅಲ್ಲಿ ಅಂಜೂರದ ತೋಟವನ್ನು ಹುಡುಕಬೇಕು. ಹಾಗಾಗಿ 2014ರಲ್ಲಿ ನ್ಯೂಜೆರ್ಸಿಯ ಈ ಮನೆಗೆ ಬಂದಾಗ ಹಿತ್ತಲಲ್ಲಿ ಅಂಜೂರ ಬೆಳೆಯಬಹುದು ಎಂದು ನಾನು ಕನಸಲ್ಲೂ ನೆನೆಸಿರಲಿಲ್ಲ. ಡಿಸೆಂಬರ್‌ನಲ್ಲಿ ಪಕ್ಕದ ಮನೆಯ ಅಂಗಳದಲ್ಲಿ ಆಳೆತ್ತರದ್ದೊಂದು ಗೋಣಿ ಸುತ್ತಿಕೊಂಡು, ಸೊಂಟಕ್ಕೆ ಹಗ್ಗ ಬಿಗಿದು, ತಲೆಯ ಮೇಲೆ ಪ್ಲಾಸ್ಟಿಕ್ ಬಕೆಟ್ ಕವುಚಿಕೊಂಡು ನಿಂತಿತ್ತು. ಚಳಿಗಾಲದಲ್ಲಿ ಯಾವ ಬೆಳೆ ಕಾಯೋಕೆ ಈ ಬೆರ್ಚಪ್ಪ ಎಂದು ಗಂಡನನ್ನು ಕೇಳಿದ್ದೆ.

ಆ ಮನೆಯ ಅಜ್ಜ ಇಟಲಿಯ ಸಿಸಿಲಿಯಿಂದ ಬಂದವರು. ಬೆರ್ಚಪ್ಪನ ಒಳಗಿದ್ದದ್ದು ಅವರ ಅಪ್ಪ ನೆಟ್ಟ ಅಂಜೂರ. ಬ್ರೂಕ್ಲಿನ್, ಫಿಲಡೆಲ್ಫಿಯಾ, ನ್ಯೂಜೆರ್ಸಿಯಲ್ಲಿ ನೆಲೆಸಿದ ಇಟಲಿಯವರ ಹಿತ್ತಲುಗಳಲ್ಲಿ ಇದೊಂದು ಹಳೇ ಪದ್ಧತಿ. ಕೊಂಬೆಗಳನ್ನು ಒಟ್ಟಿಗೆ ಬಿಗಿದು, ಗೋಣಿತಾಟು ಸುತ್ತಿ, ಒಳಗೆ ಒಣ ಎಲೆ ತುರುಕುತ್ತಾರೆ. ಬಕೆಟ್ ಇರುವುದು ಒಳಗೆ ನೀರು ಇಳಿಯದಿರಲಿ ಎಂದು. ಇನ್ನೂ ಹಟಮಾರಿಗಳು ಒಂದು ಪಕ್ಕದ ಬೇರು ಕಡಿದು, ಮರವನ್ನೇ ಬಗ್ಗಿಸಿ ಗುಂಡಿಯಲ್ಲಿ ಮಲಗಿಸಿ ಮಣ್ಣು ಮುಚ್ಚುತ್ತಾರೆ. ವಸಂತದಲ್ಲಿ ಮತ್ತೆ ಎತ್ತಿ ನಿಲ್ಲಿಸುತ್ತಾರೆ. ಮೊದಲ ಸಲ ಕೇಳಿದಾಗ ನನಗೆ ಇದು ಸಂಸ್ಕಾರ ಮಾಡಿದ ಹಾಗೇ ಕಂಡಿತು.

ಅಜ್ಜನ ಮಟ್ಟಿಗೆ ಆ ಮರಕ್ಕೆ ತಳಿಯ ಹೆಸರಿಲ್ಲ, ಅದು 'ಅಪ್ಪನ ಮರ'. ಅದೇ ಬಳಗದ್ದು ನರ್ಸರಿಗಳಲ್ಲಿ 'ಶಿಕಾಗೋ ಹಾರ್ಡಿ' ಎಂಬ ಹೆಸರಲ್ಲಿ ಮಾರಾಟವಾಗುತ್ತದೆ. ಬ್ರೂಕ್ಲಿನ್ನಿನ ಇಟಾಲಿಯನ್ ಬಡಾವಣೆಯ ನೆನಪಿಗೆ 'ಬೆನ್ಸನ್‌ಹರ್ಸ್ಟ್ ಪರ್ಪಲ್' ಎಂದೂ ಕರೆಯುತ್ತಾರೆ. ಅಂಜೂರದ ಹುಚ್ಚಿರುವವರು ಈ ಗುಂಪನ್ನೆಲ್ಲ ಸೇರಿಸಿ, ಸಿಸಿಲಿಯ ಜ್ವಾಲಾಮುಖಿಯ ಹೆಸರಲ್ಲಿ, 'ಮೌಂಟ್ ಎಟ್ನಾ' ಅಂಜೂರ ಎನ್ನುತ್ತಾರೆ. ಮಧ್ಯಮ ಗಾತ್ರದ ಹಣ್ಣು, ನೇರಳೆಗಂದು ಸಿಪ್ಪೆ, ಒಳಗೆ ಕೆಂಪು. ಅತ್ತಿಹಣ್ಣು ಬಿಚ್ಚಿದರೆ ಹುಳ ಅನ್ನುವ ಗಾದೆ ಇದಕ್ಕೆ ಒಪ್ಪುವುದಿಲ್ಲ. ಪರಾಗಸ್ಪರ್ಶವಿಲ್ಲದೆಯೇ ಹಣ್ಣು ಕಟ್ಟುವ ಜಾತಿ ಇದು, ಹಣ್ಣಿನೊಳಗೆ ಹೊಕ್ಕು ಪರಾಗ ಮುಟ್ಟಿಸುವ ಕಣಜದ ಹುಳದ ಹಂಗೇ ಬೇಡ.

2015ರ ಏಪ್ರಿಲ್‌ನಲ್ಲಿ ಅಜ್ಜ ಬುಡದಲ್ಲಿ ಎದ್ದಿದ್ದ ಒಂದು ಮರಿಯನ್ನು ಬೇರು ಸಮೇತ ಕಿತ್ತು ಕೊಟ್ಟರು. ನಾನು ತಕ್ಷಣ ಲೆಕ್ಕ ಹಾಕಿದೆ. ಈ ತಳಿಯ ಕೊಂಬೆ ಮೈನಸ್ 12 ಡಿಗ್ರಿ ಸೆಲ್ಸಿಯಸ್‌ವರೆಗೂ, ಬೇರು ಮೈನಸ್ 29ರವರೆಗೂ ತಾಳುತ್ತದೆ ಎಂದು ನರ್ಸರಿಯವರು ಹೇಳುತ್ತಾರೆ. ನಮ್ಮೂರಿನ ಚಳಿಗೆ ಅಷ್ಟು ಸಾಕಲ್ಲ ಎಂದುಕೊಂಡೆ. ಆಮೇಲೆ ಮಾಡಬಾರದ್ದನ್ನೆಲ್ಲ ಸಾಲಾಗಿ ಮಾಡಿದೆ. ಆಗಸ್ಟ್‌ನಲ್ಲಿ ಪ್ರೀತಿ ಉಕ್ಕಿ ಸಾರಜನಕದ ಗೊಬ್ಬರ ಹಾಕಿದೆ. ಗಿಡ ಸೆಪ್ಟೆಂಬರ್ ತುಂಬಾ ಎಳೇ ಚಿಗುರು ಬಿಡುತ್ತಲೇ ಇತ್ತು, ಕಾಂಡ ಬಲಿಯಲೇ ಇಲ್ಲ. ನವೆಂಬರ್‌ನಲ್ಲಿ ಗೋಣಿ ಸಿಗಲಿಲ್ಲವೆಂದು ಪಾರದರ್ಶಕ ಪ್ಲಾಸ್ಟಿಕ್ ಸುತ್ತಿದೆ.

ಆ ವರ್ಷ ಚಳಿಗಾಲವೂ ಕೋತಿಯಾಟ ಆಡಿತು. ಡಿಸೆಂಬರ್ 24ರಂದು ನ್ಯೂಯಾರ್ಕ್‌ನಲ್ಲಿ 22 ಡಿಗ್ರಿ, ಜನ ಟೀ ಶರ್ಟ್‌ನಲ್ಲಿ ತಿರುಗುತ್ತಿದ್ದರು. ಬಿಸಿಲಿಗೆ ಪ್ಲಾಸ್ಟಿಕ್ಕಿನೊಳಗೆ ಹಬೆಯಾಡಿ ನನ್ನ ಗಿಡಕ್ಕೆ ನಿದ್ದೆಯೇ ಹತ್ತಲಿಲ್ಲ. 2016ರ ಫೆಬ್ರವರಿ 14ರ ಬೆಳಿಗ್ಗೆ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ಮೈನಸ್ 18. ಏಪ್ರಿಲ್‌ನಲ್ಲಿ ಬಿಚ್ಚಿ ನೋಡಿದರೆ ಕಾಂಡವೆಲ್ಲ ಸುಟ್ಟ ಸೌದೆಯ ಬಣ್ಣ. ಉಗುರಲ್ಲಿ ಗೀರಿದರೆ ಎಲ್ಲೂ ಹಸಿರಿಲ್ಲ.

ಕಿತ್ತುಹಾಕಲು ಗುದ್ದಲಿ ತಂದಿದ್ದೆ. ಅಜ್ಜ ಬೇಲಿಯಾಚೆಯಿಂದ ಕೈಯಾಡಿಸಿ, "ಜೂನ್ ಬರೋವರೆಗೆ ಮುಟ್ಟಬೇಡ" ಎಂದರು. ಮೇ ಕೊನೆಯ ವಾರ ಮಣ್ಣು ಸೀಳಿಕೊಂಡು ನಾಲ್ಕು ಚಿಗುರು ಎದ್ದವು. ಆಗಸ್ಟ್ ಹೊತ್ತಿಗೆ ನನ್ನೆತ್ತರ. ಎಲೆಯ ಬುಡಗಳಲ್ಲಿ ಹೀಚು!

ಈ ತಳಿಯ ಗುಟ್ಟು ಅಲ್ಲಿದೆ. ಹೆಸರಲ್ಲಿ 'ಹಾರ್ಡಿ', ಅಂದರೆ ಗಟ್ಟಿಗ, ಎಂದಿದ್ದರೂ ಇದು ಚಳಿಗೆ ಎದೆಯೊಡ್ಡಿ ನಿಲ್ಲುವ ಮರವಲ್ಲ. ಮೇಲೆ ಸಾಯುತ್ತದೆ, ಕೆಳಗೆ ಬದುಕುತ್ತದೆ, ಎದ್ದ ವರ್ಷವೇ ಹೊಸ ಕೊಂಬೆಯಲ್ಲಿ ಕಾಯಿ ಬಿಡುತ್ತದೆ. ಅಂಜೂರದಲ್ಲಿ ಎರಡು ಫಸಲು: ಹಿಂದಿನ ವರ್ಷದ ಕೊಂಬೆಯಲ್ಲಿ ಬೇಸಿಗೆಯ ಮೊದಲಿಗೆ ಬರುವುದು ಒಂದು, ಆ ವರ್ಷದ್ದೇ ಚಿಗುರಿನಲ್ಲಿ ತಡವಾಗಿ ಬರುವುದು ಇನ್ನೊಂದು. ನೆಲದ ಮಟ್ಟಕ್ಕೆ ಸತ್ತ ಗಿಡಕ್ಕೆ ಮೊದಲನೆಯದು ಹೋದ ಹಾಗೇ. ಎರಡನೆಯದನ್ನು ನಂಬಬೇಕು.

ಆದರೆ ಹೀಚಿನಿಂದ ಹಣ್ಣಾಗಲು ಎರಡೂವರೆ, ಮೂರು ತಿಂಗಳು ಬೇಕು. ಇಲ್ಲಿ ಅಕ್ಟೋಬರ್‌ನಲ್ಲೇ ಹಿಮಗಟ್ಟುವ ರಾತ್ರಿಗಳು ಶುರುವಾಗುತ್ತವೆ. ಜುಲೈ ನಡುವಿನೊಳಗೆ ಹೀಚು ಕಾಣದಿದ್ದರೆ ಅದರ ಆಸೆ ಬಿಡುವುದೇ ಸರಿ. ಆ ಶರತ್ಕಾಲ ನಾನು ತಿಂದದ್ದು ಒಂಬತ್ತು ಹಣ್ಣು. ಉಳಿದ ಐವತ್ತೋ ಅರವತ್ತೋ ಹಸಿರು ಗೋಲಿಗಳಾಗಿ ಉದುರಿದವು. ಮಾವಿನ ಹಾಗೆ ಕಿತ್ತು ಒಳಗಿಟ್ಟು ಹಣ್ಣು ಮಾಡೋಣ ಎಂದರೆ ಅಂಜೂರ ಅದಕ್ಕೆ ಒಗ್ಗುವುದಿಲ್ಲ. ಮರದಲ್ಲೇ ಕತ್ತು ಬಗ್ಗಬೇಕು, ಸಿಪ್ಪೆ ಬಿರಿಯಬೇಕು. ಹಾಗೆ ಬಿರಿಯುವ ಹೊತ್ತಿಗೆ ಅಳಿಲಿಗೂ ಸುದ್ದಿ ಮುಟ್ಟಿರುತ್ತದೆ.

ಇಷ್ಟು ಕಲಿತ ಮೇಲೆ ನಾನು ಪಂಡಿತೆಯಾದೆ. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನನ್ನ ತಂಗಿಯ ಮನೆಯಲ್ಲಿ, ದಕ್ಷಿಣಕ್ಕೆ ಮುಖ ಮಾಡಿದ ಇಟ್ಟಿಗೆ ಗೋಡೆಗೆ ಒತ್ತಿಕೊಂಡಂತೆ ಒಂದು 'ಬ್ರೌನ್ ಟರ್ಕಿ' ಅಂಜೂರವಿದೆ. 2018ರ ಮಾರ್ಚ್‌ನಲ್ಲಿ ಅವಳು ಕೇಳಿದಳು, ನಾನು ವಿಡಿಯೋ ಕಾಲ್‌ನಲ್ಲೇ ಅಪ್ಪಣೆ ಕೊಡಿಸಿದೆ: "ಮೊಣಕಾಲೆತ್ತರಕ್ಕೆ ಸವರು. ಹೊಸ ಚಿಗುರಲ್ಲೇ ಹಣ್ಣು."

ಅವಳಿಗೆ ಸಿಕ್ಕಿದ್ದು ಬರೀ ಎಲೆ. ಅಲ್ಲಿಯ ಕಥೆಯೇ ತಿರುಗುಮುರುಗು. ಚಳಿ ನಮ್ಮಷ್ಟಿಲ್ಲ, ಕೊಂಬೆ ಸಾಯುವುದು ಅಪರೂಪ. ಆದರೆ ನಮ್ಮ ಜುಲೈ ಮಧ್ಯಾಹ್ನ ಮೂವತ್ತು ದಾಟಿದರೆ ಅವರದ್ದು ಇಪ್ಪತ್ತಮೂರು, ಇಪ್ಪತ್ತನಾಲ್ಕು. ಹೊಸ ಚಿಗುರಿನ ಕಾಯಿ ಅಷ್ಟು ತಣ್ಣನೆಯ ಬೇಸಿಗೆಯಲ್ಲಿ ಹಣ್ಣಾಗುವುದೇ ಇಲ್ಲ. ಬೇಸಿಗೆಯ ಕೊನೆಗೆ ಕೊಂಬೆಯ ತುದಿಯಲ್ಲಿ ಬಟಾಣಿ ಗಾತ್ರದ ಹೀಚು ಮೂಡುತ್ತದಲ್ಲ, ಅದೇ ಚಳಿಗಾಲ ಕಳೆದು ಮುಂದಿನ ಆಗಸ್ಟ್ ಹೊತ್ತಿಗೆ ಹಣ್ಣಾಗಬೇಕು. ನಾನು ಕತ್ತರಿಸಲು ಹೇಳಿದ್ದು ಸರಿಯಾಗಿ ಆ ತುದಿಗಳನ್ನೇ. "ಅಕ್ಕಾ, ನಿನ್ನ ಮಾತು ಕೇಳಿ ಒಂದು ವರ್ಷದ ಫಸಲು ಕತ್ತರಿಗೆ ಕೊಟ್ಟೆ" ಎಂದಳು. ಈಗ ಅವಳು ನವೆಂಬರ್‌ನಲ್ಲಿ ದಪ್ಪ ಕಾಯಿಗಳನ್ನೆಲ್ಲ ಕಿತ್ತು ಬಿಸಾಡಿ, ಬಟಾಣಿಗಳನ್ನಷ್ಟೇ ಉಳಿಸುತ್ತಾಳೆ. ನನ್ನ ಹಿತ್ತಲಲ್ಲಿ ಅದೇ ಬಟಾಣಿಗಳಿಗೆ ಡಿಸೆಂಬರ್ ದಾಟುವ ಯೋಗವಿಲ್ಲ.

ಊರ ಕಡೆಯದು ಮೂರನೇ ರೀತಿ. ಅಲ್ಲಿ ಚಳಿ ಮರವನ್ನು ಮಲಗಿಸುವುದಿಲ್ಲ, ರೈತನೇ ನೀರು ನಿಲ್ಲಿಸಿ ಕೊಂಬೆ ಸವರಿ ಮಲಗಿಸಿ ಎಬ್ಬಿಸಬೇಕು. ಮಳೆಗಾಲದಲ್ಲಿ ಎಲೆಗೆ ತುಕ್ಕು ರೋಗ ಬೇರೆ. ಹಾಗಾಗಿ "ಗಂಜಾಂ ಕಡ್ಡಿ ಎರಡು ಸೀರೆ ಮಡಿಕೆಯಲ್ಲಿ ಇಟ್ಕೊಂಡೋಗು" ಎಂದು ಅಮ್ಮ ಹೇಳಿದಾಗ ಬೇಡವೆಂದೆ. ಪರವಾನಗಿ ಇಲ್ಲದೆ ಗಿಡದ ಕಡ್ಡಿ ತರುವುದು ಇಲ್ಲಿ ಕಾನೂನಿಗೆ ವಿರುದ್ಧ. ತಂದರೂ ಆ ಮರಕ್ಕೆ ಜನವರಿ ಅಂದರೇನೆಂದು ಯಾರು ಹೇಳಿಕೊಡಬೇಕು?

ಈಗ ನನ್ನದೊಂದು ಕ್ರಮ ಕುದುರಿದೆ. ಜುಲೈ ಮೇಲೆ ಗೊಬ್ಬರವಿಲ್ಲ. ಚಿಗುರಿಗೆ ಐದಾರು ಎಲೆ ಬಂದ ಮೇಲೆ ತುದಿ ಚಿವುಟುತ್ತೇನೆ, ಆಗ ಹೀಚು ಬೇಗ ಕಚ್ಚುತ್ತದೆ. ಚಿವುಟುವಾಗ ತುಂಬುತೋಳಿನ ಅಂಗಿ ಹಾಕಿಕೊಳ್ಳಬೇಕು. ಆ ಹಾಲು ಸೋಕಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆ ಬರುತ್ತದೆ, ನನ್ನ ಎಡಗೈಯಲ್ಲಿ ಕಲೆ ಇನ್ನೂ ಇದೆ. ಎಲೆ ಉದುರಿದ ಮೇಲೆ ಗೋಣಿ, ಒಣ ಎಲೆ, ಬಕೆಟ್. ಇನ್ನೊಂದು ಗಿಡ ಕುಂಡದಲ್ಲಿದೆ. ಅದು ಚಳಿಗಾಲ ಪೂರ್ತಿ ಗ್ಯಾರೇಜಿನ ಕತ್ತಲಲ್ಲಿ, ತಿಂಗಳಿಗೊಂದು ಲೋಟ ನೀರು ಕುಡಿದುಕೊಂಡು, ಕಾರಿನ ಪಕ್ಕ ಇರುತ್ತದೆ. ಕಾರನ್ನು ಹೊರಗೆ ನಿಲ್ಲಿಸೋಣ ಎಂದು ನಾನೂ, ಗಿಡವನ್ನು ಎಂದು ಗಂಡನೂ ಹೇಳುವುದು ನಡೆದೇ ಇದೆ.

ಈ ಆಗಸ್ಟ್‌ನಲ್ಲಿ ತಂಗಿ ಫೋಟೋ ಕಳಿಸಿದಳು. ಸ್ಟೀಲ್ ತಟ್ಟೆಯಲ್ಲಿ ಹದಿನಾಲ್ಕು ಹಣ್ಣು, ಒಂದನ್ನು ಸೀಳಿಟ್ಟಿದ್ದಳು. ನಾನು ಹಿತ್ತಲಿಗೆ ಹೋಗಿ ನನ್ನ ಮರದ ಕಾಯಿಗಳನ್ನು ಒಂದೊಂದಾಗಿ ಒತ್ತಿ ನೋಡಿದೆ. ಎಲ್ಲವೂ ಕಲ್ಲು.